ಮೂರನೆಯವಳು ಜೋಪಾನ

ಎಕ್ಸ್-ರೇ ಕೋಣೆಯ ಮುಂದೆ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಬಾಸ್ಕೆಟ್‌ಬಾಲ್ ಕೋಚ್, ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡ ಹುಡುಗಿ.

"ಈ ವರ್ಷ ಇದು ನಾಲ್ಕನೇ ಸಲ. ನೀನೇನು ಗಾಜಿನ ಗೊಂಬೆನಾ?"

"ನಾಳೆ ಫೈನಲ್‌ಗೆ ಪಾಯಿಂಟ್ ಗಾರ್ಡ್ ಜಾಗದಲ್ಲಿ ಆಡೋಕೆ ನನ್ನ ಬದಲಿ ಇದಾಳಲ್ಲ ಸರ್?"

"ಒಳಗಿರೋದು ಯಾರು ಅಂದ್ಕೊಂಡೆ? ನಿನ್ನ ಎತ್ತೋಕೆ ಹೋಗಿ ಸೊಂಟ ಉಳುಕಿಸ್ಕೊಂಡಿದಾಳೆ!"

"ಅಯ್ಯೋ! ಹಂಗಾದ್ರೆ ಮೂರನೆಯವಳು?"

"ಇನ್ನು ಅವಳೇ ಗತಿ. ಎಲ್ಲಿ ಅವಳು?"

"ನನಗೆ ವೀಲ್‌ಚೇರ್ ತರೋಕೆ ಹೋದ್ಲು."

ಅಷ್ಟರಲ್ಲಿ ಅವಳು ವೀಲ್‌ಚೇರ್ ತಳ್ಳಿಕೊಂಡು ಓಡೋಡಿ ಬಂದಳು. ಕೋಚ್ ಧಡಕ್ಕನೆ ಎದ್ದರು.

"ಲೇ, ಓಡಬೇಡ್ವೇ! ಕೂತ್ಕೋ ಅದರಲ್ಲಿ."

"ನಾನಾ ಸರ್? ನನಗೇನಾಗಿದೆ?"

"ಏನೂ ಆಗಿಲ್ಲ, ಅದಕ್ಕೇ. ನಾಳೆವರೆಗೂ ನೆಲಕ್ಕೆ ಕಾಲಿಡಕೂಡದು!"

ಅವಳನ್ನು ಕೂರಿಸಿ ಕೋಚ್ ತಳ್ಳುತ್ತಾ ಹೊರಟರು. ಬ್ಯಾಂಡೇಜಿನವಳು ಕುಂಟುತ್ತಾ ಮುಂದೆ ಹೋಗಿ ಬಾಗಿಲು ತೆಗೆದು ಹಿಡಿದಳು.