ಸನೋಬರ್ ಅವರು ತಪ್ಪಿದ ಒಂದೇ ಒಂದು ಫೈಲು

ಮಾನ್ಯ ಅಧ್ಯಕ್ಷರೇ, ನಮ್ಮ ಮೊಹಲ್ಲಾದ ಹಿರಿಯರೇ, ಈಗಷ್ಟೇ ಹೊದಿಸಿದ ರೇಷ್ಮೆ ನಿಲುವಂಗಿಯಲ್ಲಿ ಮುದುಡಿ ಕುಳಿತಿರುವ ಸನೋಬರ್ ಅವರೇ, ಹಿತ್ತಲಿನಿಂದ ಪಲಾವಿನ ಘಮ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನಮ್ಮ ಮರ್ಗಿಲಾನ್ ಊರಿನಲ್ಲಿ ನನ್ನ ಪರಿಚಯ ಯಾರಿಗೆ ಬೇಕು? ಇಲ್ಲಿರುವ ಅರ್ಧ ಜನರ ಮದುವೆಯಲ್ಲಿ ಮೈಕು ಹಿಡಿದು ನಗಿಸಿದವನು ಈ ಮಿರ್ವಲಿಯೇ. ಅಧ್ಯಕ್ಷರು ಮಾತ್ರ ನನ್ನನ್ನು ಚೆನ್ನಾಗಿ ಬಲ್ಲರು. "ಬೇಗ ಮುಗ್ಸು ಮಾರಾಯ, ಅವರು ರೊಟ್ಟಿ ಕಚ್ಬೇಕು" ಎಂದು ಕಿವಿಯಲ್ಲಿ ಹೇಳಿಯೇ ಕಳಿಸಿದ್ದಾರೆ. ಸರಿ, ರೊಟ್ಟಿ ಮೇಜಿನ ಮೇಲಿದೆ. ನಾಳೆ ತಾಷ್ಕೆಂಟಿನ ತಮ್ಮನ ಮನೆಗೆ ಹೊರಟಿರುವ ಸನೋಬರ್ ಅದನ್ನು ಒಂದು ತುತ್ತು ಕಚ್ಚುತ್ತಾರೆ. ಉಳಿದದ್ದು ಅವರು ಮರಳಿ ಬಂದು ತಿನ್ನುವವರೆಗೆ ಗೋಡೆಗೆ ತೂಗಿಕೊಂಡು ಕಾಯುತ್ತದೆ. ಪದ್ಧತಿ ಪದ್ಧತಿಯೇ. ಆದರೆ ತಾಷ್ಕೆಂಟಿಗೆ ಹೋದವರು ಮರಳಿ ಬಂದದ್ದನ್ನು ಯಾರಾದರೂ ಕಂಡಿದ್ದೀರಾ?

ಇರಲಿ. ಹೊಗಳಲು ಕರೆದಿದ್ದೀರಿ, ಹೊಗಳುತ್ತೇನೆ.

ಗಂಡ ತೀರಿಕೊಂಡಾಗ ಸನೋಬರ್ ಅವರ ಪಾಲಿಗೆ ಉಳಿದದ್ದು ಒಂದು ಹಳೆಯ ಫೋಟೋ ಸ್ಟುಡಿಯೋ. ಅಲ್ಲಿ ಕಂಪ್ಯೂಟರ್ ಇಟ್ಟು, ನಮ್ಮೆಲ್ಲರ ಮನೆಯ ಕ್ಯಾಸೆಟ್ಟುಗಳನ್ನು ಫೈಲುಗಳಾಗಿ ಬದಲಾಯಿಸುವ ಕೆಲಸ ಹಿಡಿದರು. ಬೂಷ್ಟು ಹಿಡಿದ ವಿಡಿಯೋ ಟೇಪುಗಳು, ಗೊರಗೊರ ಎನ್ನುವ ಆಡಿಯೋ ಕ್ಯಾಸೆಟ್ಟುಗಳು, ಇಲಿ ಕಡಿದದ್ದು, ಚಹಾ ಚೆಲ್ಲಿದ್ದು, ಏನು ತಂದರೂ ಬೇಡ ಅನ್ನಲಿಲ್ಲ. ಒಮ್ಮೆ ಗದ್ದಲ ತೆಗೆಯುವ ಹೊಸ ಸಾಫ್ಟ್‌ವೇರ್ ಒಂದನ್ನು ಹಾಕಿದರು. ಅದು ಒಂದು ಮದುವೆಯ ವಿಡಿಯೋದಿಂದ ತುತ್ತೂರಿ, ಡೋಲು, ಅತ್ತೆಯರ ಕಿರುಚಾಟ ಎಲ್ಲವನ್ನೂ ಗುಡಿಸಿ ಹಾಕಿತು. ಉಳಿದದ್ದು ಚಮಚದ ಸದ್ದು! ಸನೋಬರ್ ಅದನ್ನು ಅಳಿಸಿ ಮೊದಲಿನಿಂದ ಶುರುಮಾಡಿದರು. "ಯಂತ್ರಕ್ಕೇನ್ ಗೊತ್ತು, ಗದ್ದಲ ತೆಗೆದ್ರೆ ನಮ್ಮ ಮದುವೇಲಿ ಉಳಿಯೋದೇನು?" ಎಂದರು.

ಅವರದು ಒಂದು ಕಟ್ಟುನಿಟ್ಟು. ಮೊದಲಿನಿಂದ ಕೊನೆಯವರೆಗೆ ತಾವು ಕೇಳದೆ ಒಂದು ಫೈಲನ್ನೂ ಗಿರಾಕಿಯ ಕೈಗೆ ಕೊಡುವುದಿಲ್ಲ. ಹಾಗಾಗಿ ನನ್ನ ಮದುವೆಮನೆಯ ಜೋಕುಗಳನ್ನೆಲ್ಲ ಈ ಊರಿನಲ್ಲಿ ಅವರಷ್ಟು ಸಲ ಕೇಳಿದ ನತದೃಷ್ಟರು ಇನ್ನೊಬ್ಬರಿಲ್ಲ. "ಮಿರ್ವಲಿ ಅಕಾ, ಆ ಕತ್ತೆ ಜೋಕಿಗೆ ವಯಸ್ಸಾಯ್ತು, ಇನ್ನು ಅದಕ್ಕೂ ಪಿಂಚಣಿ ಕೊಡಿ" ಎಂದಿದ್ದರು. ಅಕಾ, ಅಂದರೆ ಅಣ್ಣ ಎಂದರು. ಗಂಡನನ್ನೂ ನಮ್ಮಲ್ಲಿ ಹಾಗೆಯೇ ಕರೆಯುವುದು, ಗೊತ್ತು. ಹಿಂದಿನ ಸಾಲಿನವರು ನಗಬೇಡಿ.

ನನ್ನ ಹೆಂಡತಿ ತೀರಿಹೋದ ಮೇಲೆ ನಮ್ಮ ಮದುವೆಯ ಟೇಪನ್ನು ಅವರಲ್ಲಿಗೆ ಒಯ್ದೆ. ಮಸುಕಾಗಿದ್ದ ಚಿತ್ರದೊಳಗಿಂದ ಅವಳ ನಗುವನ್ನು ತೊಳೆದು ತೆಗೆದುಕೊಟ್ಟರು. ಆ ದಿನ ಅವರ ಅಂಗಡಿಯಲ್ಲಿ ಕುಳಿತು ಅತ್ತುಬಿಟ್ಟೆ. ಅವರು ಹಸಿರು ಚಹಾ ಬಗ್ಗಿಸಿದರು. ಆಮೇಲೆ ಅಣ್ಣನ ಮನೆಯ ಟೇಪು ಒಯ್ದೆ, ಪಕ್ಕದ ಮನೆಯವರದನ್ನು ಬೇಡಿ ಒಯ್ದೆ. ಎಲ್ಲವೂ ಮುಗಿದಾಗ... ಏಕೆ ಮುಚ್ಚಿಡಲಿ, ಒಂದು ಖಾಲಿ ಕ್ಯಾಸೆಟ್ಟನ್ನೇ ಒಯ್ದೆ. "ಇದ್ರಲ್ಲೇನೂ ಇಲ್ವಲ್ಲ, ಅಕಾ" ಎಂದರು. "ಇದನ್ನೂ ಫೈಲ್ ಮಾಡಿಕೊಡಿ" ಎಂದೆ. ಬೇರೇನು ಹೇಳಲಿ? ಮೈಕು ಇಲ್ಲದಿದ್ದರೆ ನನಗೆ ಮಾತು ಬರುವುದಿಲ್ಲ.

ಇಲ್ಲಿದೆ ತಮಾಷೆ. ಅಷ್ಟು ದೊಡ್ಡ ಕೆಲಸಗಾರ್ತಿ ತಪ್ಪಿದ್ದು ಆ ಒಂದು ಸಲ. ಮನೆಗೆ ಬಂದು ಪೆನ್‌ಡ್ರೈವ್ ಹಾಕಿದರೆ, ಕ್ಯಾಸೆಟ್ಟಿನಿಂದ ತಂತಿಯಲ್ಲಿ ಬರಬೇಕಾದ ಸದ್ದಿನ ಬದಲು ಕಂಪ್ಯೂಟರಿನ ಮೈಕು ತೆರೆದುಕೊಂಡು, ಅಂಗಡಿಯಲ್ಲಿ ಅವರು ನಾದಿನಿಯ ಜೊತೆ ಆಡಿದ ಮಾತೆಲ್ಲ ಫೈಲಿಗೆ ಇಳಿದಿದೆ! ಹೆಂಗಸರ ಮಾತು ಕದ್ದು ಕೇಳಿದೆನಲ್ಲ ಎಂದು ನಾಚಿ, ಇಷ್ಟು ದಿನ ಬಾಯಿ ಬಿಡಲಿಲ್ಲ. ಫೈಲಿನ ಹೆಸರೂ ತಪ್ಪು ನೋಡಿ. ಖಾಲಿ ಕ್ಯಾಸೆಟ್ಟಿಗೆ 'ಖಾಲಿ ಅಲ್ಲ' ಎಂದು ಬರೆದಿದ್ದರು. ಎಂಥ ತಪ್ಪು! ಕೊನೆಯವರೆಗೆ ಕೇಳದೆ ಕೊಡದವರು...

ಕೇಳದೆ ಕೊಡದವರು.

ಅಧ್ಯಕ್ಷರೇ, ಒಂದು ನಿಮಿಷ. ನೀರು ಕೊಡಿ.

ಸನೋಬರ್ ಅವರೇ, ಅಂದರೆ ಅದನ್ನೂ ನೀವು ಕೇಳಿಯೇ ಕೊಟ್ಟಿರಿ. ಹೆಸರನ್ನೂ ಯೋಚಿಸಿಯೇ ಇಟ್ಟಿರಿ. ನಾನೆಂಥ ಪೆದ್ದ! ಅದರಲ್ಲಿದ್ದ ಮಾತನ್ನು ಇಲ್ಲಿ ಹೇಳಲೇ? ನೀವು ಬೇಡ ಎಂದರೆ ಇಲ್ಲಿಗೇ ನಿಲ್ಲಿಸುತ್ತೇನೆ.

ತಲೆಯಾಡಿಸಿದರು. ಎಲ್ಲರೂ ನೋಡಿದಿರಲ್ಲ, ಹೇಳು ಎಂದೇ ತಲೆಯಾಡಿಸಿದರು!

ಅವರು ನಾದಿನಿಗೆ ಹೇಳಿದ್ದು ಇಷ್ಟೇ: "ಊರವರ ಮದುವೇಲೆಲ್ಲ ಬಾಯಿ ತುಂಬ ಮಾತಾಡೋ ಆ ಮನುಷ್ಯ ನನ್ನೆದುರು ಬಂದ್ರೆ ಮೂಗ. 'ಹೋಗ್ಬೇಡ' ಅಂತ ಒಂದ್ ಮಾತು ಅಂದ್ರೆ, ನಾನ್ಯಾಕೆ ತಾಷ್ಕೆಂಟಿಗೆ ಹೋಗ್ಲಿ?"

ಈಗ ಕೈಯಲ್ಲಿ ಮೈಕಿದೆ. ಊರೇ ಸಾಕ್ಷಿಯಿದೆ. ಸನೋಬರ್, ಹೋಗಬೇಡಿ.

ಆ ರೊಟ್ಟಿಯನ್ನು ಕಚ್ಚಿ ಗೋಡೆಗಿಡುವುದು ಬೇಡ. ಇಲ್ಲಿ ಕೊಡಿ, ಮುರಿದು ಎಲ್ಲರಿಗೂ ಹಂಚೋಣ. ಮೊದಲ ಚೂರು ಅವರಿಗೆ, ಎರಡನೆಯದು ನನಗೆ. ಪಲಾವನ್ನೂ ಬಡಿಸಿ. ಬೀಳ್ಕೊಡುಗೆಗೆಂದು ಮಾಡಿದ್ದು, ಆದರೂ ಮದುವೆ ಮಾತುಕತೆಗೆ ಸಾಕಾಗುವಷ್ಟಿದೆ. ಈ ಸಭೆಗೆ, ಮುಖ್ಯವಾಗಿ ತೆರೆದುಕೊಂಡಿದ್ದ ಆ ಮೈಕಿಗೆ ಕೃತಜ್ಞತೆ ಹೇಳುತ್ತಾ, ಕತ್ತೆಯ ಜೋಕನ್ನು ಇವತ್ತಿಗೆ ಬಿಟ್ಟು, ಎಲ್ಲರಿಗೂ ನಮಸ್ಕಾರ.