ಏಳು ಕೆಜಿ ಎಂದ ವಿಮಾನ

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಅಣ್ಣ ತಮ್ಮ ಕುಳಿತಿದ್ದರು. ರಿಮೋಟಿನಲ್ಲಿ ಹಾರಿಸುವ ದೊಡ್ಡ ಮಾದರಿ ವಿಮಾನದ ಮುರಿದ ರೆಕ್ಕೆ ಇಬ್ಬರ ತೊಡೆಯ ಮೇಲೂ ಚಾಚಿಕೊಂಡಿತ್ತು.

"ಈ ಸಲ ಅಂಗಡೀಲಿ ಇಂಜಿನ್ ನೀನೇ ಆರಿಸು," ಎಂದ ತಮ್ಮ. "ನಾನು ಆರಿಸಿದ್ರಲ್ಲಿ ವಿಮಾನ ಮೇಲೇರೋಕಾಗದೆ ಮರಕ್ಕೆ ಹೊಡೀತು. ಮಿಕ್ಸಿ ಮೋಟರ್ ಹಾಕಿಸಿದೆ ಅಂತ ಮೈದಾನದಲ್ಲಿ ಎಲ್ರೂ ನನ್ನ ‘ಮಿಕ್ಸಿ ಮೇಷ್ಟ್ರು’ ಅಂತಾರೆ."

"ನೀನು ಆರಿಸಿದ್ದು ಸರಿಯಾಗೇ ಇತ್ತು ಕಣೋ."

"ಸಮಾಧಾನ ಬೇಡ ಬಿಡು."

"ಸಮಾಧಾನ ಅಲ್ಲ. ವಿಮಾನದ ತೂಕ ಏಳು ಕೆಜಿ ಅಂದಿದ್ನಲ್ಲ, ಸುಳ್ಳು. ಹನ್ನೊಂದಿತ್ತು."

ತಮ್ಮ ರೆಕ್ಕೆಯಿಂದ ಕೈ ತೆಗೆದ. "ಯಾಕೆ ಹಂಗಂದೆ?"

"ಹಗುರವಾಗಿ ಕಟ್ಟೋದ್ರಲ್ಲಿ ನನ್ನ ಬಿಟ್ರಿಲ್ಲ ಅಂತ ಡಂಗುರ ಹೊಡ್ಕೊಂಡಿದ್ದೆ. ತಕ್ಕಡಿ ನೋಡಿ ನಾಚಿಕೆಯಾಯ್ತು."

"ಅವರು ನಗುವಾಗ ನೀನು ಪಕ್ಕದಲ್ಲೇ ಇದ್ದೆ."

"ಇದ್ದೆ. ನಾನೂ ನಕ್ಕೆ."

ಇಂಜಿನ್ ಅಂಗಡಿಯ ಸ್ಟಾಪ್ ಬಂತು. ಅಣ್ಣ ಎದ್ದ. ತಮ್ಮ ಏಳಲಿಲ್ಲ.

"ಇಳಿಯಲ್ವೇನೋ? ಹನ್ನೊಂದು ಕೆಜಿಗೆ ಯಾವುದು ಅಂತ ನಂಗೆ ತಿಳಿಯಲ್ಲ."

"ಮೊದ್ಲು ಮೈದಾನಕ್ಕೆ ನಡಿ. ತೂಕ ಅವರ ಮುಂದೆ ಹೇಳು. ಆಮೇಲೆ ಆರಿಸ್ತೀನಿ."

ಅಣ್ಣ ಇಳಿಯದೆ ಕಂಬ ಹಿಡಿದ. ಬಸ್ಸು ಹೊರಟಿತು. ಆಮೇಲೆ ಕಂಡಕ್ಟರಿಗೆ ಮೆಲ್ಲಗೆ ಹೇಳಿದ:

"ಮೈದಾನಕ್ಕೆ ಎರಡು ಕೊಡಿ."