ಗಿರಿಜಕ್ಕನ ಕಿಟಕಿ

ಕನಕಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕುಳಿತಿದ್ದರು. ಈ ಊರಿನ ಶಂಭುಲಿಂಗ ಹೊಸ ಮನೆಗೆ ಪಾಯ ತೋಡಿಸುತ್ತಿದ್ದ. ಅದನ್ನು ನೋಡಿಕೊಂಡು ಹೊರಟಿದ್ದವನು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಶುಕೂರ್.

“ಶಂಭಣ್ಣ, ನಮ್ಮೂರಲ್ಲಿ ಮನೆ ಸುತ್ತ ಜಾಸ್ತಿ ಜಾಗ ಬುಡು ಅಂತಾರೆ. ನಿಮ್ಮೂರಲ್ಲಿ ಕಮ್ಮಿ ಬುಟ್ರೂ ಪ್ಲಾನ್ ಪಾಸಾಯ್ತದಲ್ಲ?”

“ಆಯ್ತದೆ ಕಣಪ್ಪ.”

“ಮತ್ಯಾಕೆ ಒಂದ್ ಕಡೆ ಅಷ್ಟೊಂದ್ ಬುಟ್ಟಿದ್ದೀಯ? ಒಂದ್ ರೂಮೇ ಹೋಯ್ತಲ್ಲ. ಅತ್ತಿಗೆ ಬಯ್ಯಲ್ವಾ?”

“ಬಯ್ತಾನೇ ಅವ್ಳೆ. ಆ ಕಡೆ ಪಕ್ಕದ್ಮನೆ ಗಿರಿಜಕ್ಕನ ಹುಳುಮನೆ ಕಿಟಕಿ ಐತೆ. ಗಾಳಿ ಕಟ್ಟಿದ್ರೆ ರೇಷ್ಮೆ ಹುಳ ಸಾಯ್ತವೆ. ಅವಳ ಬದುಕೇ ಅದು.”

“ಬಂದ್ ಕೇಳಿದ್ಳಾ?”

“ಎಲ್ಲಿ ಕೇಳ್ತಾಳೆ! ಪಾಯಕ್ಕೆ ಗುರುತು ಹಾಕೋವಾಗ ಕಿಟಕೀಲಿ ನಿಂತು ನೋಡ್ತಿದ್ಳು.”

“ನಿಮ್ಮೂರಲ್ಲಿದ್ಕಂಡು ನಮ್ಮೂರ ರೂಲ್ಸಿನ್ ಪ್ರಕಾರ ಕಟ್ತಿದ್ದೀಯಲ್ಲಣ್ಣ!”

ರಾಮನಗರದ ಬಸ್ ಬಂತು. ಹತ್ತಿದವನು ಬಾಗಿಲಲ್ಲೇ ತಿರುಗಿದ. “ಹುಳ ಗೂಡು ಕಟ್ಟಿದ್ಮೇಲೆ ಗಿರಿಜಕ್ಕನ್ನ ನಮ್ಮೂರ ಗೂಡಿನ ಮಾರ್ಕೆಟ್ಗೇ ಕಳ್ಸಣ್ಣ. ಹರಾಜಲ್ಲಿ ನಾನೇ ಮೊದ್ಲು ಕೂಗ್ತೀನಿ.”